ಏಳರ ಲೆಕ್ಕ

ವಾರವೆಲ್ಲ ನಾನು ಡಿಪೋದ ಗುಮಾಸ್ತ.
ಶಿವಮೊಗ್ಗದಿಂದ ಹೊರಡುವ ಬಸ್ಸುಗಳೆಲ್ಲ
ನನ್ನ ನಾಲಗೆಯ ತುದಿಯಲ್ಲಿ ಸಾಲಾಗಿ ನಿಂತಿರುತ್ತವೆ.
ಆ ಶನಿವಾರ, ಭಾನುವಾರ ಮಾತ್ರ
ಕ್ರೀಡಾಂಗಣದ ಅಂಚಿಗೊಂದು ಮರದ ಮೇಜು,
ಕಿವಿ ಮಡಚಿದ ಅಂಕಪಟ್ಟಿ,
ಅದು ಹಾರದಂತೆ ಮೇಲೆ ನನ್ನ ಬುತ್ತಿ ಡಬ್ಬಿ.

ಹೆಪ್ಟಾಥ್ಲಾನ್. ಏಳು ಪಂದ್ಯ, ಎರಡು ದಿನ.
ಹೆಸರು ಕೊಟ್ಟವರು ಎಂಟು, ಬಂದವರು ಐದು.

"ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು"
ಎಂದು ಹುಡುಗಿಯರಿಗೆ ಕೇಳಿಸುವ ಹಾಗೇ ಗೊಣಗಿದರು
ಭದ್ರಾವತಿಯ ಓಟದ ಮೇಷ್ಟ್ರು.
ಅವರ ಹುಡುಗ ನೂರು ಮೀಟರಿನವನು;
ಹನ್ನೊಂದು ಸೆಕೆಂಡಿನ ಕೆಲಸ ಮುಗಿಸಿ
ಆಗಲೇ ಸ್ವೆಟರ್ ತೊಟ್ಟು ಇಡ್ಲಿ ತಿನ್ನುತ್ತಿದ್ದ.

ಮಂಜಿನಲ್ಲಿ ಸುಣ್ಣದ ಗೆರೆ ಕಾಣದು.
ಕಾಲೇಜಿನಿಂದ ಎರವಲು ತಂದ ಹರ್ಡಲ್‌ಗಳು,
ಒಂದರ ಕಾಲಿಗೆ ತೆಂಗಿನ ನಾರಿನ ಕಟ್ಟು.
ನಿಟ್ಟೂರಿನ ಗುಲಾಬಿ ಬರಿಗಾಲು.
ಮೂರನೆಯದಕ್ಕೆ ಹೆಬ್ಬೆರಳು ತಾಗಿತು,
ಎಂಟನೆಯದಕ್ಕೂ ಅದೇ.
ಎಡವಿದ ಬೆರಳೇ ಎಡವುವುದು.
ಬರೆದುಕೊಂಡೆ: ಹದಿನೇಳು ಸೆಕೆಂಡು, ಚಿಲ್ಲರೆ.

ಸಾಗರದ ರೆಹಾನಾಗೆ ಮುಳ್ಳಿನ ಶೂ ಇತ್ತು,
ಅಣ್ಣ ಮುಂಬಯಿಯಿಂದ ತಂದದ್ದು.
ಎತ್ತರ ಜಿಗಿತದಲ್ಲಿ ತನ್ನ ಸರದಿ ಮುಗಿಸಿ,
ಹೊಟ್ಟು ತುಂಬಿದ ಗೋಣಿಚೀಲಗಳಿಂದ ಇಳಿದು ಬಂದು
ಶೂ ಬಿಚ್ಚಿ ಗುಲಾಬಿಯ ಮುಂದಿಟ್ಟಳು.
ಅಳತೆ ಒಂದು ದೊಡ್ಡದು.
ನನ್ನಲ್ಲಿದ್ದ ಹಾಳು ನಮೂನೆ ಕೇಳಿ ಪಡೆದು
ಮುದುರಿ ತುದಿಗೆ ತುರುಕಿಕೊಂಡಳು ಗುಲಾಬಿ.
ಒಂದೂವರೆ ಮೀಟರ್.
ನನ್ನ ಕಾಗದಕ್ಕೂ ಅದರಲ್ಲೊಂದು ಪಾಲು.

ಗುಂಡೆಸೆತಕ್ಕೆ ಶೂ ಬೇಕಾಗಲಿಲ್ಲ ಅವಳಿಗೆ.
ಸೊಸೈಟಿಯ ಐದು ಕೇಜಿ ಬಟ್ಟು ಎಸೆದೆಸೆದು ಕಲಿತವಳು;
ಬಟ್ಟಿನ ಅಂಚು ಸವೆದು
ಆ ವರ್ಷ ಊರಿಗೆಲ್ಲ ಅಕ್ಕಿ
ತುಸು ಕಡಿಮೆಯೇ ತೂಗಿತಂತೆ.

ಭಾನುವಾರ ಉದ್ದ ಜಿಗಿತ, ಆಮೇಲೆ ಭರ್ಜಿ.
ಒಂದು ಜೊತೆ ಶೂ ನಾಲ್ಕು ಕಾಲುಗಳ ನಡುವೆ
ಹೋಗಿ ಬಂದು, ಹೋಗಿ ಬಂದು
ಲೇಸು ಕಟ್ಟುವುದನ್ನೇ ಬಿಟ್ಟರು.
ಮರಳು ಒಬ್ಬಳದು, ಬೆವರು ಇನ್ನೊಬ್ಬಳದು.

ಉಳಿದದ್ದು ಎಂಟುನೂರು ಮೀಟರ್.
ರೆಹಾನಾ ನಲವತ್ತೆರಡು ಅಂಕ ಮುಂದೆ,
ಅಂದರೆ ಮೂರೂವರೆ ಸೆಕೆಂಡು.
ನಾನು ಯಾರಿಗೂ ಹೇಳಲಿಲ್ಲ.
ಗುಲಾಬಿ ಮಾತ್ರ
ನನ್ನ ಪೆನ್ಸಿಲನ್ನೇ ನೋಡುತ್ತಾ ಕೂತಿದ್ದಳು.

ರೆಹಾನಾ ಬಂದಳು. ಶೂ ಬಿಚ್ಚಿದಳು.
ಬುತ್ತಿ ಡಬ್ಬಿಯ ಪಕ್ಕಕ್ಕಿಟ್ಟು
"ನೋಡ್ಕೊಂಡಿರಿ ಸಾರ್" ಅಂದಳು.
ಹಿಮ್ಮಡಿಯಲ್ಲಿ ಬೊಕ್ಕೆ ಎದ್ದಿತ್ತೇನೋ.
ಎದ್ದಿತ್ತು ಅಂತಲೇ ಇಟ್ಟುಕೊಳ್ಳಿ.

ಆಗ ಓಡಿದ್ದು ಕಾಲುಗಳಲ್ಲ.
ಗುಂಡು ಎಸೆದ ಭುಜ ಓಡಿತು,
ಗೋಣಿಚೀಲಕ್ಕೆ ಬಿದ್ದ ಸೊಂಟ ಓಡಿತು,
ಹರ್ಡಲ್ ತಾಗಿದ ಬೆರಳು
ತನ್ನ ಪಾಡಿಗೆ ತಾನು ಕುಂಟುತ್ತಾ ಹಿಂದೆ ಓಡಿತು.
ಎರಡನೇ ಸುತ್ತಿನ ತಿರುವಿನಲ್ಲಿ
ಇಡ್ಲಿಯ ಹುಡುಗ ಎದ್ದು ನಿಂತಿದ್ದ.
ಮೇಷ್ಟ್ರು ಕೂತೇ ಇದ್ದರು.

ಗೆರೆ ದಾಟಿ ಐವರೂ ಮಣ್ಣಿಗೆ ಬಿದ್ದರು,
ಗಾಳಿ ಬಿಟ್ಟ ಟ್ಯೂಬುಗಳ ಹಾಗೆ.
ಆಮೇಲೆ ಒಬ್ಬಳನ್ನು ಒಬ್ಬಳು ಎಳೆದೆಬ್ಬಿಸಿ
ಕೈ ಕೈ ಹಿಡಿದು ಗ್ಯಾಲರಿಗೆ ಬಾಗಿದರು.
ಗ್ಯಾಲರಿಯಲ್ಲಿ ಇದ್ದದ್ದು
ಕಡಲೆಕಾಯಿಯವನು, ಒಬ್ಬ ಹೋಂಗಾರ್ಡ್,
ಬೆಳಗಿನಿಂದ ಮಲಗಿದ್ದ ಕಂದು ನಾಯಿ.
ಕಡಲೆಕಾಯಿಯವನು ಪೊಟ್ಟಣ ಕೆಳಗಿಟ್ಟು
ಚಪ್ಪಾಳೆ ತಟ್ಟಿದ.

ನಾನು ಕೂಡಿಸಿದೆ. ಮತ್ತೆ ಕೂಡಿಸಿದೆ.
ಆರೇ ಆರು ಅಂಕದ ಅಂತರ.
ಅವರಿಬ್ಬರೂ ಮೇಜಿನ ಬಳಿ ಬಂದು ನಿಂತಾಗ
ಹಾಳೆಯನ್ನು ಅವರ ಕಡೆ ತಿರುಗಿಸಿದೆ.

"ಸಾರ್, ನೀವು ಡಿಪೋದೋರಂತಲ್ಲ?
ಸಾಗರದ ಮೇಲೆ ನಿಟ್ಟೂರಿಗೆ
ಕಡೇ ಬಸ್ಸು ಎಷ್ಟಕ್ಕೆ?"

"ಐದೂ ಮುಕ್ಕಾಲು," ಅಂದೆ ಗಡಿಯಾರ ನೋಡುತ್ತಾ.
"ಓಡಿದರೆ ಸಿಗುತ್ತೆ."